ತೋಟ ನೋಡಲು ನೀಲಿ ಸೀರೆ

"ಆ ಹಳೇ ಚೂಡಿದಾರ ಬೇಡ ಅಕ್ಕ, ನೀಲಿ ಸೀರೆ ಉಟ್ಕೊ" ಎಂದು ತಂಗಿ ಮತ್ತೊಮ್ಮೆ ಬಾಗಿಲಲ್ಲಿ ತಲೆ ಹಾಕಿ ಹೇಳಿದಾಗ, ಇದರಲ್ಲಿ ಏನೋ ಮಸಲತ್ತು ಇದೆ ಎಂದು ಅಕ್ಕನಿಗೆ ಖಾತ್ರಿಯಾಯಿತು.

"ಗಿಡಗಳು ನನ್ನ ಸೀರೆ ನೋಡ್ತಾವೇನೇ?"

"ಫೋಟೊ ತೆಗೀಬೇಕಲ್ಲ" ಎಂದವಳು ನಿಲ್ಲದೆ ಹೋದಳು. ಅಕ್ಕ ಬಂದು ಇಷ್ಟು ದಿನವಾಯಿತು, ಒಂದು ಫೋಟೊ ತೆಗೆಯಬೇಕೆಂದು ಆ ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ತಂಗಿಯ ಬಾಣಂತನಕ್ಕೆಂದು ಹೊಲಿಗೆ ಅಂಗಡಿಗೆ ಬೀಗ ಹಾಕಿ ಈ ಪರದೇಶಕ್ಕೆ ಬಂದವಳು ಅವಳು. ಈಗ ಕೂಸು ಮಗುಚಿಕೊಳ್ಳುತ್ತಿತ್ತು. ಮುಂದಿನ ವಾರ ಅಕ್ಕ ಹೊರಡುವುದು, ಅದಾದ ಮೇಲೆ ತಂಗಿ ಕೆಲಸಕ್ಕೆ ಹೋಗುವುದು ಎಂದು ಮಾತಾಗಿತ್ತು. ಶಾಲೆಗಳು ಶುರುವಾಗುವ ಕಾಲ. ಅಂಗಡಿಯಲ್ಲಿ ಯೂನಿಫಾರಂ ಬಟ್ಟೆ ರಾಶಿ ಬಿದ್ದಿದೆ. ಅಮ್ಮ ಹೋದ ಮೇಲೆ ಮಷಿನ್ ತುಳಿದೇ ತಂಗಿಯನ್ನು ಓದಿಸಿದವಳಿಗೆ ತನ್ನ ಮದುವೆಯ ಸುದ್ದಿ ಎತ್ತಲು ಪುರುಸೊತ್ತಾಗಲಿಲ್ಲ. ಎತ್ತಿದವರೂ ಒಬ್ಬೊಬ್ಬರಾಗಿ ಸುಮ್ಮನಾದರು.

ಹೀಗಿರುವಾಗ ಮೊನ್ನೆ ಅಡುಗೆಮನೆಯಲ್ಲಿ ತಂಗಿ ಫೋನಿನಲ್ಲಿ ಪಿಸುಗುಟ್ಟಿದ್ದು ಅವಳ ಕಿವಿಗೆ ಬಿದ್ದಿತ್ತು. "ಒಂದ್ಸಲ ನೋಡಿ, ಮಾತಾಡ್ಸಿ. ಬಂಗಾರದಂಥವಳು. ಅವಳಿಗೆ ಈಗ್ಲೇ ಏನೂ ಹೇಳಿಲ್ಲ."

ಈ ವಯಸ್ಸಿನಲ್ಲಿ ತನಗೆ ಗಂಡು ಹುಡುಕುತ್ತಿದ್ದಾಳೆ, ಅದೂ ತನ್ನನ್ನು ಒಂದು ಮಾತು ಕೇಳದೆ! ಅಕ್ಕನಿಗೆ ಮೈಯೆಲ್ಲ ಉರಿದಿತ್ತು. ಉರಿದದ್ದು ನಿಜ. ಹಾಗಾದರೆ ಇವತ್ತು ಬೆಳಿಗ್ಗೆ ಕನ್ನಡಿಯ ಮುಂದೆ ಅಷ್ಟು ಹೊತ್ತು ನಿಂತು, ಕಾಡಿಗೆ ಹಚ್ಚಿ, ಒರೆಸಿ, ಮತ್ತೆ ಹಚ್ಚಿದ್ದು ಯಾಕೆ ಎಂದು ಯಾರಾದರೂ ಕೇಳಿದ್ದರೆ ಅವಳ ಬಾಯಿ ಕಟ್ಟುತ್ತಿತ್ತು. ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ತೋಟ ದೊಡ್ಡದು. ಜನ ಬೂಟು ಕಳಚಿಟ್ಟು ಹುಲ್ಲಿನ ಮೇಲೆ ಅಂಗಾತ ಮಲಗಿದ್ದರು. ತಂಗಿಯ ಗಂಡ ಕೂಸಿನ ಗಾಡಿ ತಳ್ಳುತ್ತ ಹತ್ತು ಹೆಜ್ಜೆಗೊಮ್ಮೆ ಹಿಂದಿರುಗಿ ಗೇಟಿನ ಕಡೆ ನೋಡುತ್ತಿದ್ದ. ತಿಂಡಿಯ ಚೀಲದಲ್ಲಿ ತಟ್ಟೆಗಳು ಬೇಕಾದ್ದಕ್ಕಿಂತ ಜಾಸ್ತಿ ಇದ್ದದ್ದನ್ನು ಅಕ್ಕ ಮನೆಯಲ್ಲೇ ಕಂಡಿದ್ದಳು.

"ಇನ್ಯಾರಾದ್ರೂ ಬರೋರಿದ್ದಾರಾ?"

"ಯಾರೂ ಇಲ್ಲಪ್ಪ! ಯಾರು ಬರ್ತಾರಕ್ಕ? ನಾವೇ!" ಎಂದ ಅವನು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ, ಪಾಪ. ಸುಳ್ಳು ಹೇಳಲು ಬರುತ್ತಿರಲಿಲ್ಲ.

ಗಾಜಿನ ಮನೆಯ ಒಳಗೆ ಸೆಕೆ. ಚಳಿಯ ದೇಶದಲ್ಲಿ ಬಿಸಿಲೂರಿನ ಗಿಡಗಳನ್ನು ಬಿಸಿಗಾಳಿ ಕೊಟ್ಟು ಸಾಕಿದ್ದರು. ಒಂದು ಬಾಳೆಗಿಡದ ಬುಡದಲ್ಲಿ ಲೋಹದ ಫಲಕ ಕಂಡು ಅಕ್ಕ ನಕ್ಕೇಬಿಟ್ಟಳು. "ನೋಡೇ, ನಮ್ಮ ಬಚ್ಚಲ ಹಿಂದಿನ ಬಾಳೆಗೆ ಇಲ್ಲಿ ಎಂಥ ಮರ್ಯಾದೆ! ಹೆಸರು, ಕುಲ, ಗೋತ್ರ ಎಲ್ಲ ಬರೆದಿದ್ದಾರೆ."

ತಂಗಿ ನಗಲಿಲ್ಲ. ಅವಳು ಬಾಗಿಲ ಕಡೆ ನೋಡುತ್ತಿದ್ದಳು. ಅಲ್ಲಿಂದ ಒಬ್ಬ ಗಂಡಸು ಬಂದ. ಕಿವಿಯ ಪಕ್ಕ ಕೂದಲು ನರೆತಿತ್ತು, ಶರಟಿನ ಕಾಲರು ಒಳ್ಳೆಯ ಕೈಯಲ್ಲಿ ಹೊಲಿದದ್ದು. ಅಷ್ಟನ್ನು ಅಕ್ಕ ಬೇಡವೆಂದರೂ ಗಮನಿಸಿದಳು.

"ನಮ್ಮ ಆಫೀಸಿನೋರು ಅಕ್ಕ" ಎಂದಳು ತಂಗಿ. "ಆಕಸ್ಮಿಕವಾಗಿ ಸಿಕ್ಕಿದ್ರು ನೋಡು!"

"ನಿಮ್ಮ ಬಗ್ಗೆ ತುಂಬಾ ಕೇಳಿದೀನಿ" ಎಂದು ಆತ ಕೈಮುಗಿದ. "ಇಲ್ಲಿಯ ಚಳಿ ಒಗ್ಗಿತಾ ನಿಮಗೆ?"

"ಹೋಗೋ ಹೊತ್ತಿಗೆ ಒಗ್ಗಿದೆ."

ಮುಖ ಮುರಿದ ಹಾಗೆ ಹೇಳಿದಳಾದರೂ ಕಿವಿ ಬಿಸಿಯಾಗಿತ್ತು. ಆತ ಬೇಸರಪಡಲಿಲ್ಲ. "ಇಲ್ಲೇ ಇರಿ ಅಂದ್ರೆ ಇರ್ತೀರಾ?" ಎಂದು ಮೆಲ್ಲಗೆ ಕೇಳಿದ.

ಇಷ್ಟು ನೇರವಾಗಿ ಕೇಳುವುದೇ? ಅಕ್ಕ ಸೆರಗನ್ನು ಹೆಗಲಿಗೆ ಎಳೆದುಕೊಂಡಳು. ಗದರಬೇಕೆಂದಿದ್ದವಳು ಗದರಲಿಲ್ಲ. ಬಾಳೆಯ ಎಲೆಯನ್ನೇ ನೋಡುತ್ತ, "ಇರು ಅನ್ನೋರು ಯಾರು, ಯಾಕೆ ಅನ್ನೋದರ ಮೇಲೆ" ಎಂದಳು. ಅಂದದ್ದು ತಾನೇನಾ ಎಂದು ಅವಳಿಗೇ ಆಶ್ಚರ್ಯವಾಯಿತು.

ಅಷ್ಟರಲ್ಲಿ ಬಾಗಿಲಲ್ಲಿ ಮಗು ಕಿರುಚಿದ ಸದ್ದಾಯಿತು. ಒಬ್ಬ ಹೆಂಗಸು ಮುಖ ಕೆಂಪೇರಿಸಿಕೊಂಡು ಅಳುತ್ತಿದ್ದ ಕೂಸನ್ನು ಎತ್ತಿಕೊಂಡು ಓಡೋಡಿ ಬಂದಳು. "ರೀ, ಬಟ್ಟೆ ಬದಲಾಯ್ಸೋಕೆ ಜಾಗ ಹುಡುಕೋದ್ರಲ್ಲೇ ಸಾಕಾಯ್ತು! ಇವರೇನಾ ಅಕ್ಕ?" ಎನ್ನುತ್ತ ಕೂಸನ್ನು ಸೀದಾ ಅಕ್ಕನ ತೋಳಿಗೆ ದಾಟಿಸಿದಳು.

ರೂಢಿಬಿದ್ದ ತೋಳು. ಕೂಸು ಎರಡು ಸಲ ಬಿಕ್ಕಿ ಸುಮ್ಮನಾಯಿತು.

"ನೋಡಿದ್ಯಾ!" ಎಂದ ಆತ ಹೆಂಡತಿಗೆ. ಆಕೆ ಒಂದೊಂದೇ ಕೇಳತೊಡಗಿದಳು. ರಾತ್ರಿ ಬೇಗ ಎಚ್ಚರ ಆಗುತ್ತಾ? ಮಂಡಿ ನೋವು ಏನಾದರೂ? ಅಡುಗೆಗೆ ಖಾರ ಜಾಸ್ತಿ ಹಾಕ್ತೀರಾ? ಅಕ್ಕ ತಲೆತಗ್ಗಿಸಿ ಒಂದೊಂದಕ್ಕೂ ಉತ್ತರ ಕೊಟ್ಟಳು. ಉತ್ತರ ಕೊಡುತ್ತ ಕೊಡುತ್ತಲೇ ಅವಳಿಗೆ ವಿಷಯ ಪೂರ್ತಿ ಇಳಿಯಿತು.

"ಎರಡೂ ಮಕ್ಕಳು ನಮ್ಮನೇಲೇ ಇರ್ತಾವೆ ಅಕ್ಕ" ಎಂದು ತಂಗಿ ಉಸಿರು ಬಿಡದೆ ಹೇಳಿದಳು. "ವೀಸಾ ಮುಂದಕ್ಕೆ ಹಾಕ್ಸೋಣ. ನಿನಗೆ ಅಂತ ಇವರೂ ತಿಂಗಳು ತಿಂಗಳು ಕೊಡ್ತಾರೆ. ಊರಲ್ಲಾದ್ರೂ ನಿನಗೆ ಯಾರಿದ್ದಾರೆ ಹೇಳು?"

ಆಯಾ ಆಗೆಂದು ಕರೆದದ್ದಕ್ಕೆ ಅಕ್ಕನಿಗೆ ನಾಚಿಕೆಯಾಗಲಿಲ್ಲ. ದುಡಿಮೆ ಅವಳಿಗೆ ಹೊಸದಲ್ಲ. ತಾನು ಬೇರೇನೋ ಅಂದುಕೊಂಡಿದ್ದೆನಲ್ಲ, ಆ ನಾಚಿಕೆಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತನ್ನ ಮೇಲೆ ತನಗೇ ಅಯ್ಯೋ ಎನಿಸಿತು.

"ನಮಗಂತೂ ಪೂರ್ತಿ ಒಪ್ಪಿಗೆ" ಎಂದ ಆತ, ಸಂತೋಷದಿಂದ. "ನೀವು ಹೂಂ ಅಂದ್ರೆ ಸಾಕು."

ಅಕ್ಕ ಕೂಸಿನ ಬಾಯಿಯ ಜೊಲ್ಲನ್ನು ಬೆರಳಲ್ಲಿ ಒರೆಸಿ, ಅದನ್ನು ಅದರ ತಾಯಿಯ ತೋಳಿಗೆ ಮೆಲ್ಲಗೆ ಹಿಂತಿರುಗಿಸಿದಳು.

"ಊರಿಗೆ ಹೋಗಿ ತಿಳಿಸ್ತೀನಿ" ಎಂದಳು.

"ಆಗ್ಲಿ, ನಿಧಾನವಾಗಿ ಯೋಚನೆ ಮಾಡಿ" ಎಂದರು ಗಂಡ ಹೆಂಡತಿ. ತಂಗಿಯ ಮುಖ ಮಾತ್ರ ಬಿಳಿಚಿಕೊಂಡಿತು. ಹಿಂದೆ ಊರಲ್ಲಿ ಅಕ್ಕನನ್ನು ಹೆಣ್ಣು ನೋಡಲು ಬಂದವರು ತಿಂಡಿ ತಿಂದು, ಕೈ ಒರೆಸಿಕೊಂಡು, ಚಪ್ಪಲಿ ಮೆಟ್ಟುತ್ತ ಹೇಳಿಹೋಗುತ್ತಿದ್ದ ಮಾತು ಅದು. ಲಂಗ ತೊಟ್ಟ ಹುಡುಗಿಯಾಗಿ ಅವಳು ಅದನ್ನು ಬಾಗಿಲ ಸಂದಿಯಿಂದ ಎಷ್ಟೋ ಸಲ ಕೇಳಿದ್ದಳು. ತಿಳಿಸಿದವರು ಒಬ್ಬರೂ ಇರಲಿಲ್ಲ.

ಚಾವಣಿಯ ಕೊಳವೆಗಳು ಸುಯ್ಯೆಂದವು. ಗಿಡಗಳಿಗೆ ನೀರು ಬಿಡುವ ಹೊತ್ತು. ಸಣ್ಣ ತುಂತುರು ಬೀಳತೊಡಗಿದ್ದೇ ಎಲ್ಲರೂ ಮಕ್ಕಳನ್ನು ಮುಚ್ಚಿಕೊಂಡು ಬಾಗಿಲತ್ತ ಓಡಿದರು.

"ಅಕ್ಕಾ, ಬಾರೇ, ನೆನೀತೀಯ!" ತಂಗಿಯ ದನಿ ಒಡೆದಿತ್ತು.

"ನೀವು ನಡೀರಿ. ನಾನು ತೋಟ ಇನ್ನೂ ನೋಡಿಲ್ಲ."

ಅಕ್ಕ ಆ ತುಂತುರಿನಲ್ಲೇ, ಒದ್ದೆಯಾದ ಕಲ್ಲುಹಾದಿ ಹಿಡಿದು, ನಿಧಾನವಾಗಿ ಒಳಕ್ಕೆ ನಡೆದಳು.