ಗುಂಡಿ ಹಾಕುವ ಪಾಠ

ಬಂದವರಿಗೆಲ್ಲ ಕುರ್ಚಿ ಎಳೆದು ಹಾಕುತ್ತ ಅತ್ತಿಗೆ ಅದೇ ಮಾತು ಹೇಳುತ್ತಿದ್ದಳು. "ಎಂಟು ತಿಂಗಳು ನಮ್ಮತ್ತೇನ ಹೂವಿನ ಹಾಗೆ ನೋಡ್ಕೊಂಡೆ. ಒಂದು ಹುಲ್ಲುಕಡ್ಡಿ ಎತ್ತೋಕೂ ಬಿಡಲಿಲ್ಲ."

'ಅದೇ ತಪ್ಪಾಗಿದ್ದು.' ನಾಲಿಗೆಯ ತುದಿಗೆ ಬಂದ ಮಾತನ್ನು ಹುಡುಗಿ ನುಂಗಿಕೊಂಡಳು. ಸತ್ತವಳು ಅವಳ ದೊಡ್ಡಮ್ಮ, ಅತ್ತಿಗೆಯ ಅತ್ತೆ. ದೇಹ ಇನ್ನೂ ಒಳಕೋಣೆಯಲ್ಲಿತ್ತು.

"ನೀನು ಓದ್ತಿರೋದು ಇದನ್ನೇ ಅಲ್ವೇನಮ್ಮ?" ಪಕ್ಕದ ಮನೆಯಾಕೆ ಕೇಳಿದರು. "ಮಾಲೀಶು ಮಾಡೋದು?"

"ಮಾಲೀಶಲ್ಲ ಆಂಟಿ. ಕೈಕಾಲು ಬಿದ್ದುಹೋದವರು ತಮ್ಮ ಕೆಲಸ ತಾವೇ ಮಾಡ್ಕೊಳ್ಳೋ ಹಾಗೆ ಕಲಿಸೋದು. ಊಟ, ಸ್ನಾನ, ಬಟ್ಟೆ…"

"ಅಯ್ಯೋ, ಅದಕ್ಕೂ ನಾಲ್ಕು ವರ್ಷ ಓದ್ಬೇಕಾ!"

*

ದೊಡ್ಡಮ್ಮನೂ ಮೊದಲು ಹೀಗೇ ಅಂದಿದ್ದಳು. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದ ಕೈ ಅವಳದು. ಕಣ್ಣು ವಿಳಾಸ ಓದಿ ಮುಗಿಸುವ ಮೊದಲೇ ಕಾಗದ ಗೂಡು ಸೇರಿರುತ್ತಿತ್ತು. ಪಾರ್ಶ್ವವಾಯು ಹೊಡೆದ ಮೇಲೆ ಆ ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು.

ಹುಡುಗಿ ಪ್ರತಿ ಶನಿವಾರ ಬಸ್ಸು ಹಿಡಿದು ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಮೂಳೆ, ಸ್ನಾಯು, ನರ, ಮಿದುಳು, ಕೊನೆಗೆ ಮನಸ್ಸಿನ ಪಾಠವನ್ನೂ ಉರು ಹೊಡೆದಿದ್ದಳು. ಒಂದು ಗುಂಡಿ ಹಾಕುವುದನ್ನು ಹದಿನಾಲ್ಕು ಹಂತಗಳಾಗಿ ಬಿಡಿಸಿ ಬರೆದು ತರಗತಿಗೇ ಹೆಚ್ಚು ಅಂಕ ತೆಗೆದಿದ್ದಳು. ಏಳನೇ ಹಂತಕ್ಕೇ ಅತ್ತಿಗೆ ಬಂದುಬಿಡುತ್ತಾಳೆ ಎಂದು ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ.

"ನಿನ್ನ ಪರೀಕ್ಷೆಗೆ ಇವರನ್ನ ಯಾಕೆ ಗೋಳು ಹೊಯ್ಕೊಳ್ತೀಯ? ಬಿಡಿ ಅತ್ತೆ, ನಾನು ಹಾಕ್ತೀನಿ." ಸ್ವೆಟರಿನ ಐದೂ ಗುಂಡಿಗಳು ಟಪಟಪನೆ ಬಿದ್ದುಬಿಡುತ್ತಿದ್ದವು.

ಒಂದು ಶನಿವಾರ ಅತ್ತಿಗೆ ಮನೆಯಲ್ಲಿರಲಿಲ್ಲ. ದೊಡ್ಡಮ್ಮ ಎಡಗೈಯೊಂದರಲ್ಲೇ ಮೂರು ಗುಂಡಿ ತಾನೇ ಹಾಕಿಕೊಂಡಳು. ಅಷ್ಟಕ್ಕೇ ಅರ್ಧ ಗಂಟೆ ಹಿಡಿಯಿತು. ನಾಲ್ಕನೆಯದು ಜಾರುತ್ತಲೇ ಇತ್ತು. ಹುಡುಗಿಗೆ ಬಸ್ಸಿನ ಹೊತ್ತಾಗಿತ್ತು. "ಇರು ದೊಡ್ಡಮ್ಮ" ಎಂದವಳೇ ಉಳಿದೆರಡನ್ನೂ ಹಾಕಿಬಿಟ್ಟಳು.

ಮುಂದಿನ ವಾರ ದೊಡ್ಡಮ್ಮ ಕೈಯೆತ್ತಲೇ ಇಲ್ಲ. "ನೀನೇ ಹಾಕ್ಬಿಡೇ. ನಿನಗೂ ಹೊತ್ತಾಗುತ್ತೆ," ಅಂದಳು. ಆಮೇಲೆ ಎಷ್ಟು ಗೋಗರೆದರೂ ಕೇಳಲಿಲ್ಲ. ನಿನ್ನೆ ಪಾರ್ಶ್ವವಾಯು ಎರಡನೇ ಸಲ ಹೊಡೆದಾಗ ಹೋಗಿಯೇಬಿಟ್ಟಳು.

*

ದೇಹವನ್ನು ವ್ಯಾನಿಗೆ ಏರಿಸಿದ್ದಾಯಿತು. ದೊಡ್ಡಪ್ಪ ಮೆಟ್ಟಿಲ ಮೇಲೆ ಕೂತು ಬೂಟಿನ ಲಾಡಿ ಕಟ್ಟಿಕೊಳ್ಳುತ್ತಿದ್ದ. ಗಂಟು ನಿಲ್ಲುತ್ತಿರಲಿಲ್ಲ.

"ಬಿಡಿ ಮಾವ, ನಾನು ಕಟ್ತೀನಿ," ಎಂದು ಅತ್ತಿಗೆ ಬಗ್ಗಿದಳು.

"ಮುಟ್ಬೇಡಿ ಅತ್ತಿಗೆ!" ತನ್ನ ದನಿ ಹುಡುಗಿಗೇ ಒರಟಾಗಿ ಕೇಳಿಸಿತು.

"ಎಲ್ಲರೂ ಕಾಯ್ತಿದಾರೆ ಕಣೇ."

"ಕಾಯ್ಲಿ."

ಚಾಲಕ ಹಾರ್ನ್ ಒತ್ತಿದ. ಲಾಡಿ ಮತ್ತೆ ಜಾರಿತು. ತಾವಾಗಿಯೇ ಮುಂದಕ್ಕೆ ಚಾಚಿದ್ದ ಎರಡೂ ಕೈಗಳನ್ನು ಹುಡುಗಿ ಬೆನ್ನ ಹಿಂದಕ್ಕೆ ಎಳೆದುಕೊಂಡು, ಒಂದರಲ್ಲಿ ಇನ್ನೊಂದನ್ನು ಬಿಗಿಯಾಗಿ ಹಿಡಿದು ನಿಂತಳು.