ಎಣ್ಣೆಗೈಯ ನಮಸ್ಕಾರ

ನಾಸಿಕ್ ರೋಡಿನ ಮಸಾಜ್ ತರಬೇತಿ ಕೇಂದ್ರದಲ್ಲಿ ಬೀದರಿನ ವೈಷ್ಣವಿಯ ಕೈಗೆ ಸಾಟಿಯೇ ಇರಲಿಲ್ಲ; ಅವಳು ಒತ್ತಿದರೆ ಪಾಂಡವಲೇಣಿಯ ಗುಡ್ಡವೂ ಹಿಟ್ಟಾಗಬೇಕು! ಆ ಕೈ ಹಗುರಾಗದೆಯೇ ಎರಡು ಸಲ ಫೇಲಾಗಿದ್ದಳು. ಈ ಸಲ ಪಾಸಾದರಷ್ಟೇ ಸಂಭಾಜಿನಗರದ ಹೋಟೆಲಿನಲ್ಲಿ ಕೆಲಸ.

ಪರೀಕ್ಷೆಗೆ ಅವಳ ಊರ ಕಡೆಯವರೇ ಆದ ಗುರು ಶಾಂತಾಬಾಯಿಯವರೇ ಮೇಜಿನ ಮೇಲೆ ಬೋರಲು ಮಲಗಿದರು. ಹಿರಿಯರ ಪಾದ ಕೈಗೆ ಸಿಕ್ಕಿದ್ದೇ ತಡ, ವೈಷ್ಣವಿ ರೂಢಿಯಂತೆ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಕೈತುಂಬ ನೀಲಗಿರಿ ಎಣ್ಣೆ! ಕಣ್ಣೊಳಗೆ ಲಂಕೆಯೇ ಹೊತ್ತಿಕೊಂಡಿತು. ಸುರಿದ ಕಣ್ಣೀರಿಗೆ ಗೋದಾವರಿಯಲ್ಲಿ ಮಹಾಪೂರ ಬಂತು. ಆದರೂ ಕೈ ನಿಲ್ಲಿಸಲಿಲ್ಲ. ಕಣ್ಣು ಮುಚ್ಚಿಕೊಂಡೇ ತಡವುತ್ತ, ಸ್ನಾಯುವಿನ ಗಂಟು ಕೈಗೆ ಸಿಕ್ಕಲ್ಲೆಲ್ಲ ಮೆಲ್ಲಗೆ ಒತ್ತುತ್ತ ಹೋದಳು.

ಶಾಂತಾಬಾಯಿ ಎದ್ದು ಕುಳಿತರು. "ಯಾಕವ್ವಾ, ಅಳಲತ್ತಿ?"

"ನಿಮಗ ನಮಸ್ಕಾರ ಮಾಡಿದ್ನಿರಿ ಮೇಡಂ, ಎಣ್ಣಿ ಕಣ್ಣಾಗ ಹೋತು."

"ಹುಚ್ಚಿ, ಮೊದಲ ಮಾರಿ ತೊಳಕೋ! ಇಷ್ಟ ದಿನ ನನ್ನ ಕೂಡ ಕುಸ್ತಿ ಹಿಡದಿ, ಇವತ್ತ ಮಾಲಿಶ್ ಮಾಡಿದಿ. ಪಾಸ್!"