ಹತ್ತು ನಿಮಿಷ ಬಿಡು, ಸರಿಹೋಗುತ್ತೆ

ಹೊಸ ಮೋಡೆಮ್ ಹಾಕಿಸಿದ ದಿನದಿಂದ ನಮ್ಮ ಮನೆಯ ಇಂಟರ್ನೆಟ್ ಗಂಟೆಗೊಮ್ಮೆ ಪ್ರಾಣ ಬಿಡುತ್ತಿತ್ತು. ಹತ್ತು ನಿಮಿಷ ಕಳೆದು, ಏನೂ ಆಗಿಯೇ ಇಲ್ಲ ಎಂಬಂತೆ ಎದ್ದು ಕೂರುತ್ತಿತ್ತು. ಕೆಟ್ಟರೆ ಪೂರ್ತಿ ಕೆಡಬೇಕು, ಈ ಕಳ್ಳಾಟ ನನಗೆ ಆಗುವುದಿಲ್ಲ.

ಆ ವಾರ ನನ್ನ ತಲೆ ಬಿಸಿಯಾಗಲು ಕಾರಣವೂ ಇತ್ತು. ಕೆಲಸ ಕಳೆದುಕೊಂಡು ಎಂಟು ತಿಂಗಳಾಗಿತ್ತು. ಶುಕ್ರವಾರ ಮಧ್ಯಾಹ್ನ ಎರಡಕ್ಕೆ ವೀಡಿಯೊ ಸಂದರ್ಶನ. ಕೆಲಸ ಯಾವುದು ಅಂತೀರಿ? ಇಂಟರ್ನೆಟ್ ಕಂಪನಿಯೊಂದರ ಸಹಾಯವಾಣಿಯಲ್ಲಿ ಕುಳಿತು, ಸಂಪರ್ಕ ಕೈಕೊಟ್ಟವರಿಗೆ ದಾರಿ ಹೇಳುವುದು. ನಡುವೆ ನನ್ನದೇ ಕೈಕೊಟ್ಟರೆ ಯಾವ ಮುಖ ಇಟ್ಟುಕೊಂಡು ಮಾತಾಡಲಿ?

ಮೋಡೆಮ್ ಇದ್ದದ್ದು ಹಾಲ್‌ನಲ್ಲಿ, ಅಪ್ಪನ ಕುರ್ಚಿಯ ಪಕ್ಕದ ಬೀರುವಿನ ಮೇಲೆ. ಅಲ್ಲಿಂದ ಗೋಡೆಯಂಚು ಹಿಡಿದು ಬಂದ ಬೂದು ವೈರು ನನ್ನ ಕೋಣೆಯ ಕಂಪ್ಯೂಟರಿಗೆ ಸೇರುತ್ತಿತ್ತು. ಸಂಪರ್ಕ ಹೋದಾಗಲೆಲ್ಲ ನಾನು ನನ್ನ ತುದಿಯಲ್ಲಿ ಚಿಕಿತ್ಸೆ ಶುರುಮಾಡುತ್ತಿದ್ದೆ. ಪಿನ್ ಕಿತ್ತು ಊದಿದೆ, ಬಂತು. ಮರುದಿನ ಊದಿದರೆ ಜಪ್ಪಯ್ಯ ಎನ್ನಲಿಲ್ಲ. ವೈರನ್ನು ಮಂಚದ ಕಾಲಿನಿಂದ ಸರಿಸಿದೆ, ಬಂತು. ಆಮೇಲೆ ಹೊಸ ವೈರು, ಆಮೇಲೆ ಕಿಟಕಿ ಮುಚ್ಚುವುದು. ಕೊನೆಗೆ ಬಾಯಿಗೆ ಬಂದಂತೆ ಬಯ್ದೆ, ಅದಕ್ಕೂ ಬಂತು. ಮಾಡಿದ ಮದ್ದೆಲ್ಲ ಒಂದೊಂದೇ ಸಲ ನಾಟುವ ಇಂಥ ರೋಗವನ್ನು ನಾನು ಎಲ್ಲೂ ಕಂಡಿರಲಿಲ್ಲ.

"ಅಪ್ಪಾ, ಅಲ್ಲಿ ಲೈಟ್ ಉರೀತಿದ್ಯಾ?" ಎಂದು ಕೋಣೆಯಿಂದಲೇ ಕೂಗುತ್ತಿದ್ದೆ.

"ಉರೀತಿದೆ."

"ವೈರು ಸಡಿಲ ಆಗಿದ್ಯಾ ನೋಡಿ!"

"ಅದರ ಚಿಂತೆ ನಿಂಗ್ಯಾಕೆ? ಹತ್ತು ನಿಮಿಷ ಬಿಡು, ಸರಿಹೋಗುತ್ತೆ."

ಸರಿಹೋಗುತ್ತಿತ್ತು. ಅಪ್ಪ ಮೂವತ್ತೆರಡು ವರ್ಷ ಮುದ್ರಣಾಲಯದಲ್ಲಿ ಅಚ್ಚಿನ ಯಂತ್ರ ನಡೆಸಿ ನಿವೃತ್ತರಾದವರು. ಯಂತ್ರಗಳ ವಿಷಯದಲ್ಲಿ ಅವರು ಹೇಳಿದ್ದು ಹೇಳಿದಂತೆ ಆಗುತ್ತದೆ ಎಂದುಕೊಂಡು ಸುಮ್ಮನಾಗುತ್ತಿದ್ದೆ. ರಿಪೇರಿಯವನೂ ಒಮ್ಮೆ ಮೂರೂ ಹತ್ತಕ್ಕೆ ಬಂದು, ಮೂರೂವರೆಯವರೆಗೆ ಹುಡುಕಿ, "ನಿಮ್ಮ ಲೈನು ಕಲ್ಲುಗುಂಡಿನ ಹಾಗಿದೆ ಮೇಡಂ" ಎಂದು ನನ್ನನ್ನೇ ಅನುಮಾನದಿಂದ ನೋಡಿ ಹೋದ.

ಶುಕ್ರವಾರ ಸಂದರ್ಶನ ಚೆನ್ನಾಗಿಯೇ ಸಾಗಿತು. ಎರಡು ಐವತ್ತಕ್ಕೆ, ಕನ್ನಡಕದ ಹೆಂಗಸು ಕೊನೆಯ ಪ್ರಶ್ನೆ ಕೇಳಿದರು: "ಒಬ್ರು ಫೋನ್ ಮಾಡಿ, ಗಂಟೆಗೊಂದ್ಸಲ ನೆಟ್ ಹೋಗುತ್ತೆ ಅಂತಾರೆ. ನೀವು ಮೊದಲು ಏನು ಕೇ..."

ಬಾಯಿ ತೆರೆದಂತೆಯೇ ಅವರು ಪರದೆಯ ಮೇಲೆ ಕಲ್ಲಾದರು. ಈ ಸಲ ಊದಲಿಲ್ಲ, ಬಯ್ಯಲಿಲ್ಲ. ಎದ್ದು ಹಾಲ್‌ಗೆ ಓಡಿದೆ.

ಅಪ್ಪ ಬೀರುವಿನ ಮುಂದೆ ನಿಂತಿದ್ದರು. ಒಂದು ಕೈಯಲ್ಲಿ ನನ್ನ ಕೋಣೆಗೆ ಬರುವ ವೈರಿನ ಕಿತ್ತ ತುದಿ. ಇನ್ನೊಂದು ಕೈ ಮೋಡೆಮ್ಮಿನ ಮೇಲೆ, ಮಗುವಿನ ಜ್ವರ ನೋಡುವ ಹಾಗೆ.

"ಏನ್ ಮಾಡ್ತಿದೀರಪ್ಪಾ!"

"ರೆಸ್ಟ್ ಕೊಡ್ತಿದೀನಿ. ಐವತ್ತು ನಿಮಿಷ ಓಟ, ಹತ್ತು ನಿಮಿಷ ವಿರಾಮ. ನನ್ನ ಮಷೀನು ಮೂವತ್ತೆರಡು ವರ್ಷದಲ್ಲಿ ಒಂದ್ಸಲನೂ ಕೆಟ್ಟಿಲ್ಲ. ಮುಟ್ಟಿ ನೋಡು, ಹೇಗೆ ಸುಡ್ತಿದೆ ಪಾಪ."

"ಅಲ್ಲಿ ಸಂದರ್ಶನ ನಡೀತಿದೆ!"

"ಐವತ್ತು ನಿಮಿಷ ಸಾಲ್ಲಿಲ್ವಾ? ಇನ್ನೂ ಒಂಬತ್ತು ನಿಮಿಷ ಇದೆ," ಎಂದು ವೈರನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

ಎಪ್ಪತ್ತರ ತಂದೆಯ ಸುತ್ತ ಎರಡು ಸುತ್ತು ಓಡಿ ವೈರು ಕಸಿದುಕೊಂಡೆ. ಕೋಪ ನೆತ್ತಿಗೇರಿತ್ತು. "ನನ್ನ ಅನ್ನಕ್ಕೇ ಕಲ್ಲು ಹಾಕ್ತಿದೀರಿ!" ಎಂದುಬಿಟ್ಟೆ.

ಅಪ್ಪನ ಮುಖ ಸಪ್ಪಗಾಯಿತು. "ಹಾಗಲ್ಲಮ್ಮಾ. ಅದು ನಿಂತಾಗಲಾದ್ರೂ ನೀನು ನನ್ನ ಕೂಗಿ ಮಾತಾಡಿಸ್ತೀಯ. ಇಲ್ದಿದ್ರೆ ಎಂಟು ತಿಂಗಳಿಂದ ಬಾಗಿಲು ಹಾಕ್ಕೊಂಡೇ ಇದೀಯ."

ನನಗೆ ಅಳು ಬಂತು. ಅಳುವುದಕ್ಕೆ ಪುರುಸೊತ್ತಿರಲಿಲ್ಲ. ವೈರು ಚುಚ್ಚಿ ಕೋಣೆಗೆ ಓಡಿಬಂದೆ.

ಕನ್ನಡಕದ ಹೆಂಗಸು ಇನ್ನೂ ಕಾಯುತ್ತಿದ್ದರು. "ಹಾಂ, ಮೊದಲು ಏನು ಕೇಳ್ತೀರಿ?"

"ಮನೇಲಿ ಯಾರ್ಯಾರಿದೀರಿ ಅಂತ ಕೇಳ್ತೀನಿ," ಎಂದೆ ಏದುಸಿರು ಬಿಡುತ್ತ. ನಡೆದದ್ದನ್ನೆಲ್ಲ ಒದರಿದೆ. ಅವರು ನಕ್ಕೂ ನಕ್ಕೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಸೋಮವಾರ ನೇಮಕದ ಪತ್ರ ಬಂತು. ಅಪ್ಪ ಒಂದೊಂದು ಸಾಲನ್ನೂ ಅಚ್ಚಿಗೆ ಹೋಗುವ ಮುಂಚಿನ ಹಾಳೆಯಂತೆ ಬೆರಳಿಟ್ಟು ಓದುತ್ತ ಏಳನೆಯ ಷರತ್ತಿನ ಬಳಿ ನಿಂತರು. ಗಂಟಲು ಸರಿಮಾಡಿಕೊಂಡು ಮೂರು ಸಲ ಜೋರಾಗಿ ಓದಿದರು: "ಪ್ರತಿ ಐವತ್ತು ನಿಮಿಷಗಳ ಕರೆಗಳ ನಂತರ ಸಿಬ್ಬಂದಿಯು ಹತ್ತು ನಿಮಿಷ ಕಡ್ಡಾಯವಾಗಿ ವಿಶ್ರಾಂತಿ ಪಡೆಯತಕ್ಕದ್ದು."

ಈಗ ನನ್ನ ಕೆಲಸ ಮನೆಯಿಂದಲೇ. ವೈರನ್ನು ಯಾರೂ ಮುಟ್ಟುವುದಿಲ್ಲ. ಗಂಟೆಗೆ ಹತ್ತು ನಿಮಿಷ ಇರುವಾಗ ನಾನೇ ಬಾಗಿಲು ತೆಗೆದು ಹಾಲ್‌ಗೆ ಬರುತ್ತೇನೆ. ಒಂದು ನಿಮಿಷಕ್ಕೇ ವಾಪಸು ಹೊರಟರೆ ಅಪ್ಪ ನನ್ನ ಹಣೆಯ ಮೇಲೆ ಕೈಯಿಟ್ಟು ನೋಡುತ್ತಾರೆ.

"ಸುಡ್ತಿದೆ. ಕೂತ್ಕೋ, ಇನ್ನೂ ಒಂಬತ್ತು ನಿಮಿಷ ಇದೆ."